ಮಕ್ಕಳ ತೋಳಿನಲ್ಲಿ ಬಂದ ಲಸಿಕೆ

1802ರ ಜೂನ್ 14ರಂದು ಬಾಂಬೆಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿನ ತೋಳಿನ ಮೇಲೆ ಸಣ್ಣದಾಗಿ ಗೀರಿದರು. ಗೀರಿದ ಜಾಗಕ್ಕೆ ಇರಾಕಿನ ಬಾಸ್ರಾದಿಂದ ಹಡಗಿನಲ್ಲಿ ಬಂದಿದ್ದ ರಸಿಕೆಯನ್ನು, ಅಂದರೆ ಬೊಕ್ಕೆಯಿಂದ ತೆಗೆದ ದ್ರವವನ್ನು, ಸವರಿದರು. ಮಗುವಿನ ಹೆಸರು ಅನ್ನಾ ಡಸ್ಟ್‌ಹಾಲ್. ಮನೆಗೆಲಸದವರೊಬ್ಬರ ಮಗಳು. ಅದೇ ರಸಿಕೆಯನ್ನು ಇನ್ನೂ ಕೆಲವರಿಗೆ ಹಾಕಿದ್ದರು. ಅವರಲ್ಲಿ ಯಾರಿಗೂ ಅದು ಹತ್ತಲಿಲ್ಲ. ಅನ್ನಾಳ ತೋಳಿನಲ್ಲಿ ಮಾತ್ರ ಬೊಕ್ಕೆ ಎದ್ದಿತು. ಒಂದು ವಾರದ ಮೇಲೆ ಆ ಬೊಕ್ಕೆಯಿಂದ ರಸಿಕೆ ತೆಗೆದು ಐದು ಮಕ್ಕಳಿಗೆ ಹಾಕಿದರು. ಆ ಐವರಿಂದ ಇನ್ನಷ್ಟು ಮಕ್ಕಳಿಗೆ. ಸಿಡುಬಿನ ಲಸಿಕೆ ಭಾರತದಲ್ಲಿ ಕಾಲೂರಿದ್ದು ಹೀಗೆ.

19ನೇ ಶತಮಾನದ ಆರಂಭ ಅಂದ ಕೂಡಲೇ ನಮಗೆ ಯಂತ್ರಗಳು ನೆನಪಾಗುತ್ತವೆ. 1800ರಲ್ಲಿ ವೋಲ್ಟಾ ಮಾಡಿದ ಬ್ಯಾಟರಿ. 1804ರಲ್ಲಿ ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯ ಹಳಿಗಳ ಮೇಲೆ ಟ್ರೆವಿಥಿಕ್ ಓಡಿಸಿದ ಉಗಿಬಂಡಿ. 1807ರಲ್ಲಿ ಹಡ್ಸನ್ ನದಿಗೆ ಇಳಿದ ಫುಲ್ಟನ್‌ನ ಉಗಿದೋಣಿ. ಇವೆಲ್ಲ ಕಣ್ಣಿಗೆ ಕಾಣುವ ವಸ್ತುಗಳು, ಮ್ಯೂಸಿಯಂನಲ್ಲಿ ಇಟ್ಟು ತೋರಿಸಬಹುದು. ನನ್ನನ್ನು ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು ಲಸಿಕೆಯ ಪ್ರಯಾಣ. ಅದನ್ನು ಕಂಡುಹಿಡಿದದ್ದಕ್ಕಿಂತ ಅದನ್ನು ಹೊತ್ತು ತಂದ ರೀತಿ. ಆಗ ಫ್ರಿಜ್ ಇಲ್ಲ. ರೋಗ ತರುವುದು ಸೂಕ್ಷ್ಮಜೀವಿ ಎಂಬುದೇ ಯಾರಿಗೂ ಗೊತ್ತಿಲ್ಲ. ಪತ್ರ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುವ ಕಾಲ. ಹೀಗಿದ್ದರೂ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿದ ಈ ಉಪಾಯ ಹತ್ತು ವರ್ಷದೊಳಗೆ ಮದರಾಸು, ಮೆಕ್ಸಿಕೊ, ಮನಿಲಾ, ಕ್ಯಾಂಟನ್ ಮುಟ್ಟಿತು. ಅದನ್ನು ಹೊತ್ತವರು ಮಕ್ಕಳು. ಅವರಲ್ಲಿ ಹೆಚ್ಚಿನವರು ಬಡವರ ಮಕ್ಕಳು, ಅನಾಥ ಮಕ್ಕಳು. ಬೇಡ ಅನ್ನಲು ಬಾಯಿಲ್ಲದವರು.

ಮೊದಲು ಸಿಡುಬಿನ ಬಗ್ಗೆ ಎರಡು ಮಾತು. ಈಗಿನ ನಲವತ್ತರ ಆಸುಪಾಸಿನವರು ಅದನ್ನು ನೋಡಿಯೇ ಇಲ್ಲ. ನಮ್ಮ ಊರುಗಳಲ್ಲಿ "ಅಮ್ಮ ಆಗಿದೆ" ಅಂತ ಈಗಲೂ ಹೇಳುತ್ತಾರೆ, ಆದರೆ ಈಗ ಆಗುವುದು ಚಿಕನ್‌ಪಾಕ್ಸ್. ಬೇವಿನ ಸೊಪ್ಪು ಹಾಸಿ ಮಲಗಿಸಿ, ಎಳನೀರು ಮಜ್ಜಿಗೆ ಕೊಟ್ಟು, ವಾರ ಹತ್ತು ದಿನದಲ್ಲಿ ಏಳಿಸಿ ನೀರು ಹಾಕುತ್ತಾರೆ. ನಿಜವಾದ ಸಿಡುಬು, ನಮ್ಮ ಹಿರಿಯರು ಮೈಲಿ ಬೇನೆ ಅನ್ನುತ್ತಿದ್ದದ್ದು, ಇದಲ್ಲ. ಅದು ಬಂದ ನೂರು ಜನರಲ್ಲಿ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಉಳಿದವರ ಮುಖ ತುಂಬ ಕುಳಿ. ಹಲವರ ಕಣ್ಣು ಹೋಗುತ್ತಿತ್ತು. 18ನೇ ಶತಮಾನದ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಜನ ಇದರಿಂದಲೇ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ಖಾಸಾ ಚಾಮರಾಜ ಒಡೆಯರು, ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ, 1796ರ ಏಪ್ರಿಲ್‌ನಲ್ಲಿ ಸಿಡುಬಿನಿಂದಲೇ ತೀರಿಕೊಂಡರು.

ಅದಾದ ಮರುತಿಂಗಳೇ, 1796ರ ಮೇ 14ರಂದು, ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ಎಡ್ವರ್ಡ್ ಜೆನ್ನರ್ ತಮ್ಮ ಪ್ರಯೋಗ ಮಾಡಿದರು. ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಗೆ ಹಸುವಿನಿಂದ ಬೊಕ್ಕೆ ಅಂಟಿತ್ತು. ಅದರ ರಸಿಕೆಯನ್ನು ಜೆನ್ನರ್ ತಮ್ಮ ತೋಟದ ಮಾಲಿಯ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ಗೆ ಹಾಕಿದರು. ಹುಡುಗನಿಗೆ ಸ್ವಲ್ಪ ಜ್ವರ ಬಂದು ಹೋಯಿತು. ಜುಲೈನಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಹಾಕಿ ನೋಡಿದರು. ಸಿಡುಬು ಬರಲಿಲ್ಲ.

ಇದನ್ನು ಓದುವಾಗ ಎದೆ ಝಲ್ಲೆನ್ನುತ್ತದೆ, ಅಲ್ವಾ? ಎಂಟು ವರ್ಷದ ಮಗುವಿಗೆ ಬೇಕಂತಲೇ ಸಿಡುಬು ಹಾಕುವುದು! ಆದರೆ ಆ ಕಾಲದಲ್ಲಿ ಅದು ನಡೆದುಬಂದ ಪದ್ಧತಿಯೇ ಆಗಿತ್ತು. ಸಿಡುಬಿನ ಕೀವನ್ನು ಸ್ವಲ್ಪವೇ ಚರ್ಮಕ್ಕೆ ತಾಗಿಸಿದರೆ ರೋಗ ಮೆತ್ತಗೆ ಬಂದು ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂಬುದು ಚೀನಾ, ಭಾರತ, ತುರ್ಕಿ, ಆಫ್ರಿಕಾದ ಜನರಿಗೆ ಬಹಳ ಹಿಂದೆಯೇ ತಿಳಿದಿತ್ತು. ಬಂಗಾಳದಲ್ಲಿ ಟೀಕಾದಾರರು ಊರೂರು ತಿರುಗಿ ಈ ಕೆಲಸ ಮಾಡುತ್ತಿದ್ದರು. 1721ರಲ್ಲಿ ಲೇಡಿ ಮೇರಿ ಮಾಂಟೆಗ್ಯು ತುರ್ಕಿಯಲ್ಲಿ ಕಂಡದ್ದನ್ನು ಇಂಗ್ಲೆಂಡಿನಲ್ಲಿ ತಮ್ಮ ಮಗಳಿಗೇ ಮಾಡಿಸಿದರು. ಜೆನ್ನರ್‌ಗೂ ಚಿಕ್ಕವರಿದ್ದಾಗ ಇದನ್ನೇ ಮಾಡಿಸಿದ್ದರು. ಅದರಲ್ಲಿ ಎರಡು ತೊಂದರೆ ಇತ್ತು. ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಜೊತೆಗೆ, ಹಾಕಿಸಿಕೊಂಡವರಿಂದ ಅಕ್ಕಪಕ್ಕದವರಿಗೆ ನಿಜವಾದ ಸಿಡುಬೇ ಹರಡಬಹುದಿತ್ತು. ಹಸುವಿನ ಬೊಕ್ಕೆಯಲ್ಲಿ ಈ ಎರಡೂ ಭಯ ಇರಲಿಲ್ಲ.

ಹಸುವಿನ ಬೊಕ್ಕೆ ಬಂದವರಿಗೆ ಸಿಡುಬು ಬರುವುದಿಲ್ಲ ಎಂಬುದು ಹಾಲು ಕರೆಯುವವರಿಗೆ ಗೊತ್ತಿದ್ದ ಮಾತೇ. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ತನ್ನ ಹೆಂಡತಿ ಮಕ್ಕಳಿಗೆ ಅದನ್ನು ಹಾಕಿದ್ದ. ಜೆನ್ನರ್ ಮಾಡಿದ ದೊಡ್ಡ ಕೆಲಸ ಬೇರೆ. ಜನರ ಬಾಯಲ್ಲಿದ್ದ ಮಾತನ್ನು ಪರೀಕ್ಷೆಗೆ ಒಡ್ಡಿದರು, ಒಂದೊಂದು ಪ್ರಕರಣವನ್ನೂ ಬರೆದಿಟ್ಟರು, 1798ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿದರು. ಮತ್ತೆ ಕೇಳಿದವರಿಗೆಲ್ಲ ರಸಿಕೆ ಕಳಿಸಿಕೊಟ್ಟರು. ನನಗೆ ಈ ಕೊನೆಯದೇ ಅತ್ಯಂತ ದೊಡ್ಡದಾಗಿ ಕಾಣುತ್ತದೆ. ಅವರು ಅದನ್ನು ಗುಟ್ಟಾಗಿಟ್ಟು ಹಣ ಮಾಡಬಹುದಿತ್ತು.

ಆದರೆ ಕಳಿಸುವುದು ಹೇಗೆ? ಕಷ್ಟ ಶುರುವಾಗುವುದೇ ಇಲ್ಲಿ.

ಹಸುವಿನ ಬೊಕ್ಕೆ ಎಲ್ಲ ದೇಶದಲ್ಲೂ, ಎಲ್ಲ ಕಾಲದಲ್ಲೂ ಸಿಗುವ ರೋಗವಲ್ಲ. ಒಮ್ಮೆ ಸಿಕ್ಕಿದ್ದನ್ನು ಕಾಪಾಡಿಕೊಳ್ಳಬೇಕು. ಅದು ಒಣಗಿ ಸತ್ತರೆ ಮುಗಿಯಿತು. ಮನೆಯಲ್ಲಿ ಹೆಪ್ಪು ಕೆಟ್ಟುಹೋದರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವಲ್ಲ, ಹಾಗೆ. ಊರಿಗೆ ಊರೇ ಹೆಪ್ಪು ಕಳೆದುಕೊಂಡರೆ ಸಮುದ್ರದಾಚೆಯಿಂದಲೇ ತರಬೇಕಾಗುತ್ತಿತ್ತು.

ಜನ ಏನೇನೋ ಮಾಡಿ ನೋಡಿದರು. ದಾರದ ಎಳೆಯನ್ನು ರಸಿಕೆಯಲ್ಲಿ ಅದ್ದಿ ಒಣಗಿಸಿದರು. ಲ್ಯಾನ್ಸೆಟ್ ಚಾಕುವಿನ ತುದಿಗೆ ಹಚ್ಚಿ ಕಳಿಸಿದರು, ಆದರೆ ದಾರಿಯಲ್ಲಿ ಲೋಹಕ್ಕೆ ತುಕ್ಕು ಹಿಡಿಯುತ್ತಿತ್ತು. ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಅಂಚನ್ನು ಮುಚ್ಚಿದರು. ಅಮೆರಿಕದಲ್ಲಿ ಬೆಂಜಮಿನ್ ವಾಟರ್‌ಹೌಸ್ ಎಂಬ ವೈದ್ಯರು 1800ರಲ್ಲಿ ಬಾಸ್ಟನ್ ಹತ್ತಿರ ಮೊದಲು ತಮ್ಮ ಮಗನಿಗೇ ಲಸಿಕೆ ಹಾಕಿದರು. ಅವರು ಥಾಮಸ್ ಜೆಫರ್ಸನ್‌ಗೆ ಕಳಿಸಿದ ರಸಿಕೆ ಬೇಸಿಗೆಯ ಬಿಸಿಗೆ ದಾರಿಯಲ್ಲೇ ಕೆಟ್ಟುಹೋಯಿತು. ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ ಒಂದು ಉಪಾಯ ಸೂಚಿಸಿದರು. ಸಣ್ಣ ಸೀಸೆಯಲ್ಲಿ ರಸಿಕೆ ಹಾಕಿ ಬಿಗಿಯಾಗಿ ಬಿರಡೆ ಹಾಕಿ, ಅದನ್ನು ನೀರು ತುಂಬಿದ ದೊಡ್ಡ ಸೀಸೆಯೊಳಗೆ ಇಡಿ ಅಂದರು. ಅದು ಕೆಲಸ ಮಾಡಿತು. 1801ರ ಬೇಸಿಗೆಯಲ್ಲಿ ಅವರ ಮಾಂಟಿಸೆಲೊ ಎಸ್ಟೇಟಿನಲ್ಲಿ ಲಸಿಕೆ ಹಾಕುವುದು ಶುರುವಾಯಿತು. ಅಲ್ಲಿ ಮೊದಲು ತೋಳು ಚಾಚಬೇಕಾಗಿ ಬಂದವರಲ್ಲಿ ಅವರ ಗುಲಾಮರು ಇದ್ದರು.

ಭಾರತದ ದಾರಿ ಇನ್ನೂ ಉದ್ದ. ಇಂಗ್ಲೆಂಡಿನಿಂದ ಆಫ್ರಿಕಾ ಸುತ್ತಿ ಬರುವ ಹಡಗುಗಳಲ್ಲಿ ಕಳಿಸಿದ ರಸಿಕೆ ಒಣಗಿ ಕೆಲಸಕ್ಕೆ ಬಾರದಂತಾಗುತ್ತಿತ್ತು. ಕೊನೆಗೆ ವಿಯೆನ್ನಾದಲ್ಲಿದ್ದ ಜಾನ್ ಡಿ ಕಾರೊ ಎಂಬ ವೈದ್ಯರು ನೆಲದ ದಾರಿ ಹಿಡಿದರು. ಅವರು ಕಳಿಸಿದ್ದು ಇಟಲಿಯ ಲೊಂಬಾರ್ಡಿಯ ಹಸುಗಳಿಂದ ಬಂದ ರಸಿಕೆ. ಅದರಲ್ಲಿ ನೆನೆಸಿದ ಅರಳೆಯನ್ನು ಗಾಜುಗಳ ನಡುವೆ ಇಟ್ಟು ಮುಚ್ಚಿದರು. ಅದರ ಮೇಲೆ ಮೇಣದ ಪದರ ಹಚ್ಚಿ ಉಂಡೆ ಮಾಡಿದರು. ಉಂಡೆಯನ್ನು ಕಾಗದದ ಚೂರು ತುಂಬಿದ ಪೆಟ್ಟಿಗೆಯಲ್ಲಿಟ್ಟರು. ಕಾನ್‌ಸ್ಟಾಂಟಿನೋಪಲ್ ಮೂಲಕ ಬಾಗ್ದಾದ್ ತಲುಪಿದಾಗ ರಸಿಕೆ ಇನ್ನೂ ಹಸಿಯಾಗಿಯೇ ಇತ್ತು. ಆದರೆ ಗಾಜಿನ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿ ಒಂದು ಮಗುವಿನ ತೋಳಿಗೆ ಹಾಕಿದರು. ಆ ಮಗುವಿನಿಂದ ಬಾಸ್ರಾದ ಮಕ್ಕಳಿಗೆ, ಬಾಸ್ರಾದಿಂದ ಹಡಗಿನಲ್ಲಿ ಬಾಂಬೆಗೆ, ಅನ್ನಾಳ ತೋಳಿಗೆ.

ಈ ತೋಳಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಸಿಕೆ ಹಾಕಿದ ಮೂರು ನಾಲ್ಕನೇ ದಿನ ಆ ಜಾಗ ಕೆಂಪಾಗಿ ಉಬ್ಬುತ್ತದೆ. ಆಮೇಲೆ ನೀರು ತುಂಬಿದ ಗುಳ್ಳೆಯಾಗುತ್ತದೆ. ಏಳನೇ ಎಂಟನೇ ದಿನದ ಹೊತ್ತಿಗೆ ಅದರಲ್ಲಿರುವ ತಿಳಿ ರಸಿಕೆ ತುಂಬಾ ಚುರುಕಾಗಿರುತ್ತದೆ. ಅದನ್ನು ಆಗಲೇ ತೆಗೆದು ಇನ್ನೊಬ್ಬರಿಗೆ ಹಾಕಬೇಕು. ಹತ್ತನೇ ದಿನ ದಾಟಿದರೆ ಅದು ಕೀವಾಗುತ್ತದೆ, ಆಮೇಲೆ ಹಕ್ಕಳೆ ಕಟ್ಟುತ್ತದೆ, ಮೂರು ವಾರದಲ್ಲಿ ಹಕ್ಕಳೆ ಉದುರಿ ಕಲೆ ಉಳಿಯುತ್ತದೆ. ಅಂದರೆ ಒಂದು ಮಗು ಲಸಿಕೆಯನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಹೆಚ್ಚೆಂದರೆ ಒಂಬತ್ತು ಹತ್ತು ದಿನ. ಒಮ್ಮೆ ಹಾಕಿಸಿಕೊಂಡವರಿಗೆ ಮತ್ತೆ ಚೆನ್ನಾಗಿ ಹತ್ತುವುದಿಲ್ಲ. ಸಿಡುಬು ಬಂದು ಹೋದವರಿಗೂ ಹತ್ತುವುದಿಲ್ಲ. ದೊಡ್ಡವರಲ್ಲಿ ಸಿಡುಬು ಬಾರದವರು ಕಡಿಮೆ. ಆದ್ದರಿಂದ ಬೇಕಾದದ್ದು ಮಕ್ಕಳೇ. ಮತ್ತೆ ಮತ್ತೆ ಹೊಸ ಮಕ್ಕಳು.

ಈ ಲೆಕ್ಕವನ್ನು ಸಮುದ್ರದ ಮೇಲೆ ಹಾಕಿದವರು ಸ್ಪೇನ್‌ನ ಫ್ರಾನ್ಸಿಸ್ಕೊ ಹಾವಿಯೆರ್ ದೆ ಬಾಲ್ಮಿಸ್. ಅಮೆರಿಕ ಖಂಡದ ಸ್ಪೇನ್ ವಸಾಹತುಗಳಲ್ಲಿ ಸಿಡುಬು ಊರೂರನ್ನೇ ಬರಿದು ಮಾಡುತ್ತಿತ್ತು. ದೊರೆ ನಾಲ್ಕನೇ ಕಾರ್ಲೋಸ್‌ನ ಮನೆಯವರಿಗೂ ಸಿಡುಬು ತಾಗಿತ್ತು. ಅವನು ಖರ್ಚಿಗೆ ಒಪ್ಪಿದ. 1803ರ ನವೆಂಬರ್ 30ರಂದು ಲಾ ಕೊರೂನ್ಯಾ ಬಂದರಿನಿಂದ ಮರಿಯಾ ಪಿತಾ ಎಂಬ ಹಡಗು ಹೊರಟಿತು. ಅದರಲ್ಲಿ 22 ಗಂಡುಮಕ್ಕಳಿದ್ದರು. ವಯಸ್ಸು ಮೂರರಿಂದ ಒಂಬತ್ತು. ಎಲ್ಲರೂ ಅನಾಥಾಲಯದಿಂದ ಬಂದವರು. ಅವರನ್ನು ನೋಡಿಕೊಳ್ಳಲು ಲಾ ಕೊರೂನ್ಯಾದ ಅನಾಥಾಲಯದ ಮೇಲ್ವಿಚಾರಕಿ ಇಸಾಬೆಲ್ ಜೆಂದಾಲ್ ಜೊತೆಗೆ ಹೊರಟರು. 22ರಲ್ಲಿ ಒಬ್ಬ ಅವರ ಮಗ.

ಪ್ರತಿ ಒಂಬತ್ತು ಹತ್ತು ದಿನಕ್ಕೆ ಇಬ್ಬರು ಮಕ್ಕಳಿಗೆ ಲಸಿಕೆ. ಒಬ್ಬನದು ಹತ್ತದಿದ್ದರೆ ಇನ್ನೊಬ್ಬನದು ಇರಲಿ ಅಂತ ಇಬ್ಬರು. ಲಸಿಕೆ ಹಾಕಿದ ಮಕ್ಕಳನ್ನು ಉಳಿದವರಿಂದ ಬೇರೆ ಇಡಬೇಕು. ಮಕ್ಕಳು ಕೆರೆದುಕೊಂಡು ಗುಳ್ಳೆ ಒಡೆಯದಂತೆ ಕಾಯಬೇಕು. ಸುಮ್ನೆ ಪಕ್ಕದಲ್ಲಿ ಮಲಗಿ ಉಜ್ಜಿಕೊಂಡರೂ ಅವಧಿಗೆ ಮೊದಲೇ ಇನ್ನೊಬ್ಬನಿಗೆ ಹತ್ತಿ ಸರಪಳಿ ಕಡಿದುಹೋಗಬಹುದು. ಮೂರು ವರ್ಷದ ಮಗುವಿಗೆ ತೋಳು ಮುಟ್ಟಬೇಡ ಅಂತ ಹೇಳಿ ನೋಡಿ! ತೂಗಾಡುವ ಹಡಗು, ಕಡಲ ಕಾಯಿಲೆ, ರಾತ್ರಿಯ ಅಳು. ಈ ಇಡೀ ಯೋಜನೆಯ ಯಶಸ್ಸು ನಿಂತದ್ದು ಇಸಾಬೆಲ್ ಅವರ ಎಚ್ಚರದ ಮೇಲೆ ಅಂತ ನಾನು ನಂಬುತ್ತೇನೆ. ಬಾಲ್ಮಿಸ್ ಬಹಳ ಸಿಡುಕಿನ ಮನುಷ್ಯ, ಹೋದಲ್ಲೆಲ್ಲ ಅಧಿಕಾರಿಗಳ ಜೊತೆ ಜಗಳ ಮಾಡಿದವರು. ಅಂಥವರೇ ಇಸಾಬೆಲ್ ಅವರನ್ನು ಮಾತ್ರ ಬಾಯಿ ತುಂಬ ಹೊಗಳಿದರು. ಮಕ್ಕಳಿಗೆ ಅವರು ತಾಯಿಯಂತೆ ಇದ್ದರು ಅಂತ ಬರೆದರು.

ಸರಪಳಿ ಕಡಿಯುವ ಹಂತಕ್ಕೂ ಬಂದಿತ್ತು. ಕ್ಯಾನರಿ ದ್ವೀಪಗಳು, ಪೋರ್ಟೊ ರಿಕೊ ದಾಟಿ ವೆನೆಜುವೆಲಾಕ್ಕೆ ಹೋಗುವಾಗ ರಸಿಕೆ ತೆಗೆಯಲು ಯೋಗ್ಯವಾದ ಗುಳ್ಳೆ ಉಳಿದದ್ದು ಒಬ್ಬನೇ ಹುಡುಗನ ತೋಳಿನಲ್ಲಿ. ಅವಧಿ ಮೀರುತ್ತಿತ್ತು. ಹೋಗಬೇಕಿದ್ದ ಬಂದರನ್ನು ಬಿಟ್ಟು ಹತ್ತಿರದ ಪೋರ್ಟೊ ಕಬೆಯೊಗೆ ಹಡಗು ತಿರುಗಿಸಿದರು. 1804ರ ಮಾರ್ಚ್‌ನಲ್ಲಿ ಅಲ್ಲಿ ಇಳಿದ ಕೂಡಲೇ ಆ ಊರಿನ 28 ಮಕ್ಕಳಿಗೆ ಲಸಿಕೆ ಹಾಕಿದರು. ಒಬ್ಬ ಹುಡುಗನ ತೋಳಿನ ಒಂದು ಗುಳ್ಳೆ ಒಡೆದಿದ್ದರೆ ಒಂದು ಖಂಡದ ಲಸಿಕೆ ಅಲ್ಲಿಗೇ ನಿಲ್ಲುತ್ತಿತ್ತು.

ಅಲ್ಲಿಂದ ತಂಡ ಎರಡಾಯಿತು. ಹೋಸೆ ಸಾಲ್ವಾನಿ ಎಂಬ ಯುವ ವೈದ್ಯರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆ ಹೋದರು. ಮಾಗ್ದಲೇನಾ ನದಿಯಲ್ಲಿ ದೋಣಿ ಒಡೆಯಿತು, ಒಂದು ಕಣ್ಣು ಹೋಯಿತು, ಎದೆರೋಗ ಹಿಡಿಯಿತು. ಆದರೂ ನಿಲ್ಲಿಸಲಿಲ್ಲ. 1810ರಲ್ಲಿ ಕೊಚಬಾಂಬಾದಲ್ಲಿ ಅವರು ತೀರಿಕೊಂಡರು.

ಬಾಲ್ಮಿಸ್ ಕ್ಯೂಬಾಕ್ಕೆ ಹೋದರು. ಮುಂದೆ ಮೆಕ್ಸಿಕೊಗೆ ಲಸಿಕೆ ಒಯ್ಯಲು ಅವರಿಗೆ ಮಕ್ಕಳು ಸಿಗಲಿಲ್ಲ. ಆಗ ಅವರು ಗುಲಾಮ ಹುಡುಗಿಯರು ಮೂವರನ್ನು ಕೊಂಡುಕೊಂಡರು. ಸೈನ್ಯದಲ್ಲಿ ತಮಟೆ ಬಾರಿಸುವ ಒಬ್ಬ ಹುಡುಗನನ್ನೂ ಸೇರಿಸಿಕೊಂಡರು. ಅವರ ತೋಳುಗಳಲ್ಲಿ ಲಸಿಕೆ ದಾಟಿತು. ಕೆಲಸ ಮುಗಿದ ಮೇಲೆ ಹುಡುಗಿಯರನ್ನು ಮಾರಿಬಿಟ್ಟರು.

ಈ ಭಾಗ ಬಂದಾಗಲೆಲ್ಲ ನನಗೆ ಮುಂದೆ ಓದಲು ಆಗುವುದಿಲ್ಲ. ಮನುಕುಲಕ್ಕೆ ಒಳಿತು ಮಾಡಲು ಹೊರಟ ಒಂದು ಯಾತ್ರೆ. ಜೆನ್ನರ್ ಸ್ವತಃ ಇದನ್ನು ಮನಸಾರೆ ಮೆಚ್ಚಿ ಬರೆದಿದ್ದಾರೆ. ಅದೇ ಯಾತ್ರೆಯ ನಡುವೆ ಮೂರು ಹುಡುಗಿಯರನ್ನು ಕೊಂಡು, ಬಳಸಿ, ಮಾರಿದ ಲೆಕ್ಕ ಇದೆ. ಬಾಲ್ಮಿಸ್ ಕೆಟ್ಟವರು ಅಂತ ಹೇಳಿ ಮುಗಿಸುವುದು ಸುಲಭ. ಕಾಲವೇ ಹಾಗಿತ್ತು ಅನ್ನುವುದು ಅದಕ್ಕಿಂತ ಸುಲಭ. ನನಗೆ ಎರಡೂ ಒಪ್ಪಿಗೆಯಿಲ್ಲ. ಅವರು ಲಕ್ಷಾಂತರ ಜನರನ್ನು ಉಳಿಸಿದರು, ಅದು ನಿಜ. ಆ ಹುಡುಗಿಯರಿಗೆ ಅನ್ಯಾಯ ಮಾಡಿದರು, ಅದೂ ನಿಜ. ಇದಕ್ಕೆ ಅದನ್ನು ವಜಾ ಮಾಡಲು ಬರುವುದಿಲ್ಲ.

1805ರ ಫೆಬ್ರವರಿಯಲ್ಲಿ ಅಕಪುಲ್ಕೊದಿಂದ ಪೆಸಿಫಿಕ್ ದಾಟಿ ಮನಿಲಾಕ್ಕೆ ಹೊರಟಾಗ ಹಡಗಿನಲ್ಲಿ 26 ಮೆಕ್ಸಿಕನ್ ಹುಡುಗರಿದ್ದರು. ಇವರು ಹೆಚ್ಚಿನವರು ಅನಾಥರಲ್ಲ, ತಂದೆತಾಯಿ ಇದ್ದವರು. ಹಣ ಕೊಟ್ಟು, ವಾಪಸ್ ಕರೆತರುತ್ತೇವೆ ಅಂತ ಮಾತು ಕೊಟ್ಟು ಕರೆದುಕೊಂಡು ಹೋದದ್ದು. ಹಡಗಿನವರು ಮಕ್ಕಳನ್ನು ಕೊಳಕಾದ ಜಾಗದಲ್ಲಿ ನೆಲದ ಮೇಲೆ ಮಲಗಿಸಿದರು. ರಾತ್ರಿ ಒಬ್ಬರ ಮೇಲೊಬ್ಬರು ಉರುಳಿ ಲಸಿಕೆ ತಾನಾಗಿಯೇ ಹತ್ತಿಕೊಂಡಿತು ಅಂತ ಬಾಲ್ಮಿಸ್ ದೂರು ಬರೆದರು. ಹೆಚ್ಚುವರಿ ಮಕ್ಕಳನ್ನು ಕರೆತಂದಿದ್ದರಿಂದ ಸರಪಳಿ ಉಳಿಯಿತು. ಏಪ್ರಿಲ್‌ನಲ್ಲಿ ಮನಿಲಾ ಮುಟ್ಟಿದರು. ಅಲ್ಲಿಂದ ಮಕಾವ್, ಕ್ಯಾಂಟನ್. ಆ ಮೆಕ್ಸಿಕನ್ ಹುಡುಗರು 1807ರಲ್ಲಿ ಮನೆಗೆ ಮರಳಿದರು. ಇಸಾಬೆಲ್ ಕೂಡ ಆ ಹುಡುಗರ ಜೊತೆಗೆ ಬಂದರು, ಸ್ಪೇನ್‌ಗೆ ಮಾತ್ರ ಹಿಂದಿರುಗಲಿಲ್ಲ. ಸ್ಪೇನ್‌ನಿಂದ ಬಂದ 21 ಅನಾಥ ಹುಡುಗರೂ ಮೆಕ್ಸಿಕೊದಲ್ಲೇ ಉಳಿದರು. ಅವರಿಗೆ ಊಟ, ಓದು, ಮುಂದೆ ಒಂದು ಉದ್ಯೋಗ ಸಿಗುವವರೆಗೆ ಆಸರೆ ಕೊಡುವುದಾಗಿ ದೊರೆ ಮಾತು ಕೊಟ್ಟಿದ್ದ. ಮೆಕ್ಸಿಕೊದಲ್ಲಿ ಮೊದಲು ಅವರಿಗೆ ಸಿಕ್ಕಿದ್ದು ಬಡವರ ಆಶ್ರಯದ ಮನೆ. ಅದಕ್ಕೂ ಬಾಲ್ಮಿಸ್ ವೈಸರಾಯ್ ಜೊತೆ ಜಗಳ ಮಾಡಿದರು.

ಇತ್ತ ನಮ್ಮಲ್ಲಿ ಬಾಂಬೆಯಿಂದ ಹೊರಟ ಸರಪಳಿ ಹೈದರಾಬಾದ್, ಮದರಾಸು, ಸಿಲೋನ್, ಕಲ್ಕತ್ತಾ ಎಲ್ಲ ಕಡೆ ಹರಡಿತು. ಇಲ್ಲಿಯೂ ತೋಳಿನಿಂದ ತೋಳಿಗೇ. ಜಾತಿ ಇರುವ ದೇಶದಲ್ಲಿ ಒಬ್ಬರ ಮೈಯಿಂದ ತೆಗೆದದ್ದನ್ನು ಇನ್ನೊಬ್ಬರ ಮೈಗೆ ಹಾಕುವುದು ಅಂದರೆ ಎಷ್ಟು ದೊಡ್ಡ ವಿಷಯ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಯಾರ ಮಗುವಿನ ರಸಿಕೆ ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. ಈ ಅನುಮಾನ ಬಿಳಿಯರಿಗೂ ಇತ್ತು. ಇಲ್ಲಿನವರ ಮಕ್ಕಳಿಂದ ತೆಗೆದದ್ದು ತಮ್ಮ ಮಕ್ಕಳಿಗೆ ಬೇಡ ಎಂದ ಇಂಗ್ಲಿಷರೂ ಇದ್ದರು. ಜೊತೆಗೆ ಸಿಡುಬು ದೇವಿ ಕೊಡುವುದು, ಅದನ್ನು ತಡೆದರೆ ದೇವಿ ಮುನಿಯುತ್ತಾಳೆ ಎಂಬ ಭಯ. ಮಗುವಿನ ತೋಳಿನಿಂದ ರಸಿಕೆ ತೆಗೆದರೆ ಮಗು ಸೊರಗುತ್ತದೆ ಎಂಬುದು ತಾಯಂದಿರ ಆತಂಕ. ಇದನ್ನೆಲ್ಲ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಗುರುತಿಲ್ಲದವರು ಬಂದು ನಿಮ್ಮ ಮಗುವಿನ ಗಾಯವನ್ನು ಒಡೆಯುತ್ತೇವೆ ಅಂದರೆ ಯಾವ ತಾಯಿಗೆ ಸಂಕಟವಾಗುವುದಿಲ್ಲ?

ಮೈಸೂರಿನ ಕಥೆ ಇಲ್ಲಿ ಬರುತ್ತದೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದರು. ಮನೆತನದ ಹಿರಿಯರು ಲಕ್ಷ್ಮಮ್ಮಣ್ಣಿಯವರು, ಆಡಳಿತ ನೋಡುತ್ತಿದ್ದವರು ದಿವಾನ್ ಪೂರ್ಣಯ್ಯನವರು. 1805ರ ಸುಮಾರಿಗೆ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೂವರು ಹೆಂಗಸರ ಒಂದು ದೊಡ್ಡ ಚಿತ್ರ ಬರೆದರು. ಆ ಹೆಂಗಸರು ನರ್ತಕಿಯರು ಎಂದೇ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. ಇತಿಹಾಸಕಾರ ನೈಜಲ್ ಚಾನ್ಸಲರ್ ಬೇರೆಯದೇ ವಾದ ಮುಂದಿಟ್ಟರು. ಅವರ ಪ್ರಕಾರ ನಡುವೆ ಇರುವವರು ಲಕ್ಷ್ಮಮ್ಮಣ್ಣಿ, ಎಡಬಲದಲ್ಲಿರುವವರು ಕೃಷ್ಣರಾಜರ ರಾಣಿಯರು. ಬಲಗಡೆಯ ಕಿರಿಯ ರಾಣಿ ಸೆರಗನ್ನು ಸ್ವಲ್ಪ ಸರಿಸಿ ಎಡತೋಳನ್ನು ತೋರಿಸುತ್ತಿದ್ದಾರೆ. ಅದು ಲಸಿಕೆ ಹಾಕಿಸಿಕೊಂಡ ಜಾಗ. ಎಡಗಡೆಯವರ ಮೂಗು ಬಾಯಿಯ ಸುತ್ತ ಬಣ್ಣ ಮಾಸಿದೆ, ಅದು ಹಳೆಯ ಪದ್ಧತಿಯಲ್ಲಿ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿದ್ದರ ಗುರುತು. ಇದು ಒಬ್ಬ ವಿದ್ವಾಂಸರ ಓದು, ಎಲ್ಲರೂ ಒಪ್ಪಿದ ಮಾತಲ್ಲ. ಆದರೆ ನನಗೆ ಈ ಓದು ಹಿಡಿಸುತ್ತದೆ. ಸಿಡುಬಿನಿಂದ ಅರಸರನ್ನೇ ಕಳೆದುಕೊಂಡ ಮನೆತನ ಹೊಸ ಉಪಾಯವನ್ನು ತಾನೇ ಮೊದಲು ಮೈಮೇಲೆ ತೆಗೆದುಕೊಂಡು ಜನರಿಗೆ ತೋರಿಸಿತು ಅನ್ನುವುದು ಹೊಂದಿಕೆಯಾಗುವ ಮಾತು.

ಜನರನ್ನು ಒಪ್ಪಿಸಲು ಇನ್ನೊಂದು ದಾರಿಯನ್ನೂ ಹಿಡಿದರು, ಅದು ನನಗೆ ಹಿಡಿಸದ ದಾರಿ. ಮದರಾಸಿನಲ್ಲಿ ಎಫ್. ಡಬ್ಲ್ಯು. ಎಲ್ಲಿಸ್ ಎಂಬ ಅಧಿಕಾರಿ ಇದ್ದರು. ಕನ್ನಡ, ತಮಿಳು, ತೆಲುಗು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೆಯದೇ ಕುಟುಂಬ ಅಂತ 1816ರಲ್ಲಿ ಬರೆದು ತೋರಿಸಿದ ಅದೇ ಎಲ್ಲಿಸ್. ಲಸಿಕೆ ನಮ್ಮ ಹಳೆಯ ಶಾಸ್ತ್ರದಲ್ಲೇ ಇದೆ ಅಂತ ಜನ ನಂಬಿದರೆ ಹಾಕಿಸಿಕೊಳ್ಳುತ್ತಾರೆ ಎಂಬ ಆಸೆಯಿಂದ ಅವರು ಪುರಾಣದ ಹಾಗಿರುವ ಒಂದು ಕಥೆಯನ್ನು ತಮಿಳಿನಲ್ಲಿ ಬರೆದರು. 1819ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಧನ್ವಂತರಿಯ ಹೆಸರಿನಲ್ಲಿ ಸಂಸ್ಕೃತ ಶ್ಲೋಕಗಳೂ ಬಂದವು. ಹಸುವಿನ ಕೆಚ್ಚಲಿನ ಬೊಕ್ಕೆಯಿಂದ ರಸಿಕೆ ತೆಗೆದು ತೋಳಿಗೆ ಹಾಕುವ ಕ್ರಮ ಅದರಲ್ಲಿ ಇದೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅಂಥ ಮಾತು ಎಲ್ಲೂ ಇಲ್ಲ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸುಳ್ಳಿನ ಆಯುಷ್ಯ ದೊಡ್ಡದು. ಆ ಶ್ಲೋಕಗಳು ಯುರೋಪಿನ ಪುಸ್ತಕಗಳಿಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೇ ಮರಳಿ, ಜೆನ್ನರ್‌ಗಿಂತ ಮೊದಲೇ ನಮಗೆ ಲಸಿಕೆ ಗೊತ್ತಿತ್ತು ಎಂಬ ಮಾತಾಗಿ ಈಗಲೂ ಓಡಾಡುತ್ತಿವೆ. ಟೀಕಾದಾರರ ನಿಜವಾದ ವಿದ್ಯೆ ನಮಗಿತ್ತು, ಅದು ಸಣ್ಣದೇನಲ್ಲ. ಇಲ್ಲದ್ದನ್ನು ಕಟ್ಟಿಕೊಳ್ಳುವ ಅಗತ್ಯ ನಮಗೆ ಯಾಕೆ?

ತೋಳಿನಿಂದ ತೋಳಿಗೆ ಹಾಕುವುದರಲ್ಲಿ ನಿಜವಾದ ಅಪಾಯವೂ ಇತ್ತು. ರಸಿಕೆ ಕೊಡುವ ಮಗುವಿಗೆ ಬೇರೆ ರೋಗ ಇದ್ದರೆ ಅದೂ ದಾಟುತ್ತದೆ. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಹೀಗೆ ಲಸಿಕೆಯ ಜೊತೆ ಸಿಫಿಲಿಸ್ ಹಲವಾರು ಮಕ್ಕಳಿಗೆ ಅಂಟಿತು. ಜೆನ್ನರ್ ಎಣಿಸಿದಂತೆ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ರಕ್ಷಣೆ ಸಿಗುತ್ತದೆ ಎಂಬುದೂ ತಪ್ಪು ಅಂತ ಬರಬರುತ್ತಾ ತಿಳಿಯಿತು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಾಕಿಸಬೇಕಿತ್ತು. ನಮ್ಮ ಅಜ್ಜಿಯ ತೋಳಿನಲ್ಲಿ ದುಂಡಗಿನ ಕಲೆಗಳಿದ್ದವು. ದಾಕು ಹಾಕುವವರು ಊರಿಗೆ ಬಂದರೆ ಮಕ್ಕಳೆಲ್ಲ ಹುಲ್ಲಿನ ಬಣವೆ ಹಿಂದೆ ಅಡಗುತ್ತಿದ್ದೆವು ಅಂತ ಅಜ್ಜಿ ಹೇಳುತ್ತಿದ್ದರು. ಅವರ ಕಾಲಕ್ಕೆ ಬರುವಾಗ ಲಸಿಕೆ ಮಕ್ಕಳ ತೋಳಿನಿಂದ ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಜೆನ್ನರ್‌ಗೆ ಒಂದು ಗುಮಾನಿ ಇತ್ತು. ಈ ಬೊಕ್ಕೆ ಮೂಲದಲ್ಲಿ ಹಸುವಿನದಲ್ಲ, ಕುದುರೆಯ ಕಾಲಿನ ರೋಗದಿಂದ ಹಸುವಿಗೆ ಬಂದದ್ದು ಅಂತ ಅವರು ಬರೆದಿದ್ದರು. ಆ ಕಾಲದ ಹಲವರು ಇದನ್ನು ಒಪ್ಪಲಿಲ್ಲ. 2017ರಲ್ಲಿ ವಿಜ್ಞಾನಿಗಳು 1902ರ ಒಂದು ಹಳೆಯ ಅಮೆರಿಕನ್ ಲಸಿಕೆಯ ವಂಶವಾಹಿಗಳನ್ನು ಓದಿದರು. ಅದು ಕುದುರೆಯ ಬೊಕ್ಕೆಯ ವೈರಸ್‌ಗೆ ತೀರಾ ಹತ್ತಿರವಾಗಿತ್ತು! ವೈರಸ್ ಎಂಬುದರ ಕಲ್ಪನೆಯೇ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ, ಕೊಟ್ಟಿಗೆಯವರನ್ನು ಕೇಳಿ ಆ ಮನುಷ್ಯ ಅಷ್ಟು ಹತ್ತಿರ ಹೋಗಿದ್ದರು.

ತೋಳುಗಳ ಸರಪಳಿ ಮುಗಿಯಲು ಬಹಳ ಕಾಲ ಹಿಡಿಯಿತು. ಕರುವಿನ ಚರ್ಮದ ಮೇಲೆಯೇ ಲಸಿಕೆ ಬೆಳೆಸುವ ಕ್ರಮ ಇಟಲಿಯ ನೇಪಲ್ಸ್‌ನಲ್ಲಿ ಶುರುವಾಗಿ, 1860ರ ದಶಕದಲ್ಲಿ ಯುರೋಪಿನ ಉಳಿದ ಕಡೆ ಹರಡಿತು. ರಸಿಕೆಗೆ ಗ್ಲಿಸರಿನ್ ಬೆರೆಸಿದರೆ ಬೇರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಲಸಿಕೆ ಉಳಿಯುತ್ತದೆ ಎಂಬುದು ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ ತೋಳಿನಿಂದ ತೋಳಿಗೆ ಹಾಕುವುದನ್ನು ಕಾನೂನು ನಿಲ್ಲಿಸಿದ್ದು 1898ರಲ್ಲಿ. ಅಂದರೆ ಜೇಮ್ಸ್ ಫಿಪ್ಸ್ ತೋಳು ಚಾಚಿ ನೂರಾ ಎರಡು ವರ್ಷದ ಮೇಲೆ. ಭಾರತದಲ್ಲೂ ಅದೇ ಸುಮಾರಿನಲ್ಲಿ ಕರುವಿನ ಲಸಿಕೆ ಬಳಕೆಗೆ ಬಂತು. 20ನೇ ಶತಮಾನದ ಆರಂಭದಲ್ಲಿ ಮದರಾಸಿನ ಗಿಂಡಿಯಲ್ಲಿ ಲಸಿಕೆ ತಯಾರಿಸುವ ಕಿಂಗ್ ಇನ್‌ಸ್ಟಿಟ್ಯೂಟ್ ಎದ್ದಿತು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಬಾಂಬೆ ಪ್ರಾಂತ್ಯದ ಲಸಿಕೆ ತಯಾರಾಗುತ್ತಿದ್ದದ್ದು ನಮ್ಮ ಬೆಳಗಾವಿಯಲ್ಲಿ. ತಿಲಕವಾಡಿಯ ಆ ಜಾಗವನ್ನು ಜನ ಈಗಲೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಅಲ್ಲಿ ದೊಡ್ಡ ಮರಗಳ ನಡುವೆ ಬೆಳಗಿನ ಹೊತ್ತು ವಾಕಿಂಗ್ ಹೋಗುವವರು ಬಹಳ ಜನ. ಅಲ್ಲಿ ತಯಾರಾದ ಲಸಿಕೆ ಹಳ್ಳಿಗಳಿಗೆ ಹೋಗುತ್ತಿತ್ತು. ಅದನ್ನು ಒಂದೂರಿಂದ ಇನ್ನೊಂದೂರಿಗೆ ಒಯ್ಯಲು ಯಾರ ಮಗುವನ್ನೂ ಕೇಳಬೇಕಾಗಿರಲಿಲ್ಲ.